ರೋಸ್‌ಲಾನ್ ಬಯಲಿನ ಮುಗಿಲು

ಅಮೆರಿಕಾ ದೇಶದ ಮಿಶಿಗನ್ ಮಹಾಸರೋವರದ ದಕ್ಷಿಣಕ್ಕೆ, ಇಂಡಿಯಾನಾ ಪ್ರಾಂತ್ಯದಲ್ಲಿ ರೋಸ್‌ಲಾನ್ ಎಂಬ ಸಣ್ಣ ಊರುಂಟು. ಅಲ್ಲಿ ಬೆಟ್ಟವಿಲ್ಲ, ಕಣಿವೆಯಿಲ್ಲ. ಕಣ್ಣು ಹಾಯುವಷ್ಟು ದೂರವೂ ಮುಸುಕಿನ ಜೋಳ, ಸೋಯಾ ಅವರೆಗಳ ಹೊಲಗಳು. ನೋಡತಕ್ಕದ್ದೇನೂ ಇಲ್ಲದ ಈ ಬಯಲನ್ನು ವಿಮಾನ ಕಟ್ಟುವವರೂ ನಡೆಸುವವರೂ ಮರೆಯಲಾರರು. ಅದರ ಕಾರಣವು ನೆಲದ ಮೇಲಿಲ್ಲ, ಮುಗಿಲಿನಲ್ಲಿದೆ.

ನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆಕಟ್ಟುವುದೆಂದು ನಾವೆಲ್ಲರೂ ಬಾಲ್ಯದಲ್ಲಿ ಓದಿರುವೆವು. ಮೋಡದೊಳಗಣ ಹನಿಗೆ ಈ ಮಾತು ಪೂರ್ಣವಾಗಿ ಸಲ್ಲದು. ಹೆಪ್ಪಿನ ತೊಟ್ಟು ಬೀಳುವ ತನಕ ಹಾಲು ಹಾಲಾಗಿಯೇ ಇರುವಂತೆ, ಆಧಾರವಾಗಿ ತಕ್ಕ ಕಣವೊಂದು ಸಿಕ್ಕದಿದ್ದರೆ ಆ ಹನಿಯು ಸೊನ್ನೆಗಿಂತ 10, 20 ಡಿಗ್ರಿ ಕೆಳಗೂ ನೀರಾಗಿಯೇ ತೇಲುತ್ತಿರುವುದು. ವಿಮಾನದ ರೆಕ್ಕೆ ತಾಗಿತೆಂದರೆ ಅದಕ್ಕೆ ಹೆಪ್ಪು ಬಿದ್ದಂತೆಯೇ ಸರಿ.

ಚಳಿ ಹೆಚ್ಚಿದಷ್ಟೂ ಅಪಾಯ ಹೆಚ್ಚೆಂದು ವಾಚಕರು ತಿಳಿಯಬಾರದು. ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹನಿಗಳೆಲ್ಲ ಹರಳಾಗಿರುವುದರಿಂದ ರೆಕ್ಕೆಗೆ ಅಂಟವು. ಬಹಳ ತಣ್ಣಗಿರುವ ಸಣ್ಣ ಹನಿಗಳು ತಾಗಿದಲ್ಲಿಯೇ ಗಟ್ಟಿಯಾಗಿ ಒರಟಾದ ಬಿಳಿಯ ಪದರವಾಗುತ್ತವೆ. ಸೊನ್ನೆಯ ಸಮೀಪದ ದೊಡ್ಡ ಹನಿಗಳಾದರೋ ಒಡನೆ ಗಟ್ಟಿಯಾಗದೆ, ಹಿಂದಕ್ಕೆ ಹರಿದು, ಗಾಜಿನಂತೆ ಗಡ್ಡೆಕಟ್ಟುತ್ತವೆ. ಅದರ ಭಾರಕ್ಕಿಂತಲೂ ಅದು ರೆಕ್ಕೆಯ ರೂಪವನ್ನು ಕೆಡಿಸುವುದೇ ಹೆಚ್ಚಿನ ಕೇಡು. ಗಾಳಿಯು ನುಣ್ಣಗೆ ಹರಿಯದೆ ಹೋದರೆ ವಿಮಾನವನ್ನು ಎತ್ತಿಹಿಡಿಯುವ ಬಲವು ಕುಂದುತ್ತದೆ.

1994ನೆಯ ಇಸವಿ ಅಕ್ಟೋಬರ್ 31ರಂದು ಇಂಡಿಯಾನಾಪೊಲಿಸ್‌ನಿಂದ ಶಿಕಾಗೋಗೆ ಹೊರಟಿದ್ದ ಎ.ಟಿ.ಆರ್. 72 ವಿಮಾನವೊಂದು, ಇಳಿಯುವ ಸರದಿಯನ್ನು ಕಾಯುತ್ತ, ಈ ಬಯಲಿನ ಮೇಲೆ 10,000 ಅಡಿಗಳ ಎತ್ತರದಲ್ಲಿ ಅರ್ಧ ಗಂಟೆಯಷ್ಟು ಹೊತ್ತು ಸುತ್ತುತ್ತಿತ್ತು. ಅದರ ರೆಕ್ಕೆಗಳ ಮುಂಚಿಗೆ ರಬ್ಬರಿನ ಚೀಲಗಳಿದ್ದವು. ಅವು ಗಾಳಿ ತುಂಬಿ ಉಬ್ಬಿದಾಗ ಗಡ್ಡೆ ಒಡೆದು ಉದುರತಕ್ಕದ್ದು. ಆದರೆ ಅಂದಿನ ಮೋಡದಲ್ಲಿದ್ದ ತುಂತುರಿನ ದೊಡ್ಡ ಹನಿಗಳು ಚೀಲಗಳನ್ನು ದಾಟಿ, ಅವುಗಳ ಹಿಂದೆ ಏಣಾಗಿ ಹೆಪ್ಪುಗಟ್ಟಿದುವು. 8,000 ಅಡಿಗೆ ಇಳಿಯಲು ಅಪ್ಪಣೆಯಾಗಿ ವಿಮಾನವು ಇಳಿಯುತ್ತಿರುವಾಗ, ಓಲಾಟವನ್ನು ಹಿಡಿತದಲ್ಲಿಡುವ ಹಲಗೆಯು ಚಾಲಕರ ಕೈಮೀರಿ ತಿರುಗಿತು. ವಿಮಾನವು ಮಗ್ಗುಲಿಗೆ ಹೊರಳಿ ಹೊಲದಲ್ಲಿ ಬಿದ್ದಿತು. ಅದರಲ್ಲಿದ್ದ 68 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಅದೇ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಆಕಾಶದಲ್ಲಿ, ಮುಂದೆ ಹಾರುವ ವಿಮಾನದಿಂದ ನೀರನ್ನು ಸಿಂಪಡಿಸಿ, ಹಿಂದೆ ಬರುವ ಅದೇ ಜಾತಿಯ ವಿಮಾನದ ರೆಕ್ಕೆಯನ್ನು ಪರೀಕ್ಷಿಸಿದರು. ಏಣು ಕಟ್ಟುವುದು ಕಣ್ಣಿಗೆ ಕಂಡಿತು, ಚೀಲಗಳನ್ನು ಅಗಲಗೊಳಿಸಿದರು. ಅಲ್ಲಿಯವರೆಗೆ ವಿಮಾನಗಳನ್ನು ಒಪ್ಪುವ ನಿಯಮಗಳು ಮೋಡದ ಸಣ್ಣ ಹನಿಗಳನ್ನು ಮಾತ್ರ ಎಣಿಸಿದ್ದವು. ದೊಡ್ಡ ಹನಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡ ನಿಯಮವು ಅಮೆರಿಕಾದಲ್ಲಿ ಹೊರಟುದು 2014ರಲ್ಲಿ. ಒಂದು ಹನಿಯ ಗಾತ್ರವನ್ನು ಶಾಸನದಲ್ಲಿ ಬರೆಯುವುದಕ್ಕೆ ಇಪ್ಪತ್ತು ವರ್ಷಗಳು ಹಿಡಿದುವು. ಇಂದು ನಾವು ವಿಮಾನದ ಕಿಟಕಿಯಿಂದ ಬೆಳ್ಮುಗಿಲನ್ನು ನೋಡಿ ನಿಶ್ಚಿಂತರಾಗಿ ಕುಳಿತಿರುವಲ್ಲಿ, ಆ ಜೋಳದ ಬಯಲಿನ 68 ಮಂದಿಯ ಋಣವೂ ಸೇರಿದೆ.