ಖಳನಾಯಕನ ಕೊನೆಯ ಮಾತು

ಚರಿತ್ರೆಯ ಕಥೆ ಇರುವ ಆ್ಯಕ್ಷನ್ ಗೇಮ್‌ಗಳಲ್ಲಿ ಸಾಯುವವರು ಎರಡು ಬಗೆ. ಕೋಟೆಯ ಬಾಗಿಲಲ್ಲಿ, ಮಾಳಿಗೆಯ ಮೇಲೆ, ಸಂತೆಯ ಮೂಲೆಯಲ್ಲಿ ನಿಂತಿರುವ ಕಾವಲುಗಾರರು ಮೊದಲನೆಯವರು. ಅವರಿಗೆ ಹೆಸರಿಲ್ಲ. ಒಂದು ಬಟನ್ ಒತ್ತಿದರೆ ಬೀಳುತ್ತಾರೆ. ನಾವು ತಿರುಗಿ ನೋಡುವುದೂ ಇಲ್ಲ. ಎರಡನೆಯವನು ಖಳನಾಯಕ. ಅವನು ಸಾಯುವಾಗ ಮಾತ್ರ ಇಡೀ ಆಟ ನಿಲ್ಲುತ್ತದೆ. ಗದ್ದಲ ಅಡಗುತ್ತದೆ. ಅವನು ಮಾತನಾಡುತ್ತಾನೆ, ನಾವು ಕೇಳಬೇಕು.

ವಿಡಿಯೊ ಗೇಮ್ ಎಂದರೆ ಬರೀ ಹೊಡೆದಾಟ, ಹುಡುಗರು ಹಾಳಾಗುವ ದಾರಿ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಆ ಮಾತಿಗೆ ಉತ್ತರ ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ಮಾಮುವಿನ ಮಗನ ಕಂಪ್ಯೂಟರಿನಲ್ಲಿ ಎರಡು ರಜೆಗಳಲ್ಲಿ ಆಡಿದ 'ಅಸಾಸಿನ್ಸ್ ಕ್ರೀಡ್' ಆಟಗಳಲ್ಲಿ ನನಗೆ ಹೊಡೆದಾಟಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದದ್ದು ಈ ಸಾವಿನ ದೃಶ್ಯಗಳು. ಯಾಕೆ ಉಳಿದವು ಎಂದು ಹೇಳಲು ಪ್ರಯತ್ನಿಸುತ್ತೇನೆ.

ಮೊದಲ ಆಟ ಬಂದದ್ದು 2007ರಲ್ಲಿ. ಅದನ್ನು ಮಾಡಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಯೂಬಿಸಾಫ್ಟ್ ಸ್ಟುಡಿಯೊ. ಆಟ ಶುರುವಾಗುವ ಮೊದಲೇ ಪರದೆಯ ಮೇಲೆ ಒಂದು ಸೂಚನೆ ಬರುತ್ತದೆ: ಇದು ಕಲ್ಪಿತ ಕಥೆ, ಬೇರೆ ಬೇರೆ ಧರ್ಮ ಮತ್ತು ನಂಬಿಕೆಗಳ ಜನ ಸೇರಿ ಇದನ್ನು ಮಾಡಿದ್ದಾರೆ ಎಂದು. ಕಥೆ ನಡೆಯುವುದು 1191ರಲ್ಲಿ, ಮೂರನೆಯ ಕ್ರುಸೇಡ್ ಯುದ್ಧದ ಕಾಲದಲ್ಲಿ. ಒಂದು ಕಡೆ ಸುಲ್ತಾನ್ ಸಲಾಹುದ್ದೀನ್, ಇನ್ನೊಂದು ಕಡೆ ಇಂಗ್ಲೆಂಡಿನ ದೊರೆ ರಿಚರ್ಡ್. ನಾವು ಓಡಾಡುವುದು ದಮಾಸ್ಕಸ್, ಆಕ್ರೆ, ಜೆರುಸಲೇಮ್ ನಗರಗಳಲ್ಲಿ. ನಾಯಕನ ಹೆಸರು ಅಲ್ತಾಯಿರ್ ಇಬ್ನ್ ಲಾ ಅಹದ್. ಉರ್ದು ಮನೆಮಾತಿನವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿರ್ ಎಂದರೆ ಹಕ್ಕಿ, ಲಾ ಅಹದ್ ಎಂದರೆ ಯಾರೂ ಅಲ್ಲ. ಯಾರ ಮಗನೂ ಅಲ್ಲದ ಹಕ್ಕಿ. ಅವನು ಸಿರಿಯಾದ ಮಸ್ಯಾಫ್ ಕೋಟೆಯವನು. ಆ ಕೋಟೆ ಇಂದಿಗೂ ಇದೆ. ಆ ಕಾಲದಲ್ಲಿ ಅದು ನಿಜಕ್ಕೂ ನಿಜಾರಿ ಇಸ್ಮಾಯಿಲಿಗಳ ಕೈಯಲ್ಲಿತ್ತು.

ಅಲ್ತಾಯಿರ್‌ಗೆ ಅವನ ಗುರು ಅಲ್ ಮುಅಲಿಮ್ ಒಂಬತ್ತು ಜನರ ಹೆಸರು ಕೊಡುತ್ತಾನೆ. ಪ್ರತಿ ಕೊಲೆಗೂ ಮೊದಲು ಆ ಊರಿನಲ್ಲಿರುವ ಅವರ ಕಡೆಯವನು ಒಂದು ಬಿಳಿ ಗರಿ ಕೊಡುತ್ತಾನೆ. ಕೆಲಸ ಮುಗಿದ ಮೇಲೆ ಆ ಗರಿಗೆ ಸತ್ತವನ ರಕ್ತ ಹಚ್ಚಿಕೊಂಡು ಬರಬೇಕು. ಅದೇ ಸಾಕ್ಷಿ, ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಅದೇ ವೋಚರ್.

ಈಗ ದೃಶ್ಯಕ್ಕೆ ಬರೋಣ. ತುಂಬಿದ ಜನರ ನಡುವೆ ಅಲ್ತಾಯಿರ್ ಖಳನಾಯಕನ ಮೇಲೆ ಎರಗುತ್ತಾನೆ. ಕತ್ತಿ ಇಳಿದ ಕೂಡಲೇ ಜನ, ಗೋಡೆ, ಆಕಾಶ ಎಲ್ಲ ಮಾಯ. ಸುತ್ತಲೂ ಮಂಜಿನಂಥ ಖಾಲಿ ಜಾಗ. ಅದರ ನಡುವೆ ಇಬ್ಬರೇ. ಕೊಂದವನು ಮಂಡಿಯೂರಿ ಕೂತಿದ್ದಾನೆ, ಸಾಯುವವನು ಅವನ ಕೈಯಲ್ಲಿ ಒರಗಿದ್ದಾನೆ. ಕಾಯಿಲೆ ಬಿದ್ದ ಅಣ್ಣನನ್ನು ತಮ್ಮ ಹಿಡಿದುಕೊಂಡ ಹಾಗೆ ಕಾಣುತ್ತದೆ. ಇಬ್ಬರೂ ಮೆಲ್ಲಗೆ ಮಾತನಾಡುತ್ತಾರೆ. ಮಾತು ಮುಗಿದ ಮೇಲೆ ಗರಿಗೆ ರಕ್ತ ಹಚ್ಚುತ್ತಾನೆ. ತಕ್ಷಣ ನಗರ ಮರಳಿ ಬರುತ್ತದೆ. ಎಚ್ಚರಿಕೆಯ ಗಂಟೆ ಬಾರಿಸುತ್ತದೆ, ಕಾವಲುಗಾರರು ಕೂಗುತ್ತಾ ಓಡಿ ಬರುತ್ತಾರೆ, ನಾವು ಗೋಡೆ ಹತ್ತಿ ಓಡಬೇಕು. ಆ ನಿಶ್ಶಬ್ದ ಮತ್ತು ಆ ಗಂಟೆಯ ನಡುವಿನ ವ್ಯತ್ಯಾಸದಿಂದಲೇ ದೃಶ್ಯ ಮನಸ್ಸಿಗೆ ತಾಗುತ್ತದೆ. ಮೊದಲ ಆಟದಲ್ಲಿ ಇದನ್ನು ಸ್ಕಿಪ್ ಮಾಡಲು ಆಗುವುದಿಲ್ಲ. ಇದಕ್ಕೆ ಎಷ್ಟೋ ಆಟಗಾರರು ಗೊಣಗಿದ್ದಾರೆ.

ಅವರು ಏನು ಮಾತನಾಡುತ್ತಾರೆ? ಕ್ಷಮೆ ಕೇಳುವುದಿಲ್ಲ. ಸಿನಿಮಾದ ವಿಲನ್ ಹಾಗೆ ಶಾಪವನ್ನೂ ಹಾಕುವುದಿಲ್ಲ. ತಾವು ಮಾಡಿದ್ದು ಸರಿ ಎಂದೇ ಹೇಳುತ್ತಾರೆ. ಆಕ್ರೆಯ ಆಸ್ಪತ್ರೆಯಲ್ಲಿ ಮನೋರೋಗಿಗಳ ಮೇಲೆ ಕ್ರೂರ ಪ್ರಯೋಗ ಮಾಡುವ ಗಾರ್ನಿಯೆ, ಸಾಯುವಾಗ ತನ್ನ ರೋಗಿಗಳ ಗತಿ ಏನು ಎಂದು ಚಿಂತೆ ಮಾಡುತ್ತಾನೆ. ಜೆರುಸಲೇಮಿನಲ್ಲಿ ಮನುಷ್ಯರನ್ನು ಮಾರುವ ತಲಾಲ್, ತಾನು ಅವರನ್ನು ಉಳಿಸುತ್ತಿದ್ದೆ ಎನ್ನುತ್ತಾನೆ. ದಮಾಸ್ಕಸ್ಸಿನಲ್ಲಿ ಪುಸ್ತಕಗಳನ್ನು ಸುಡಿಸುವ ಜುಬೈರ್, ಜನ ಯುದ್ಧಕ್ಕೆ ಹೊರಡುವುದೇ ಈ ಪುಸ್ತಕಗಳನ್ನು ನಂಬಿ ಎಂದು ವಾದಿಸುತ್ತಾನೆ. ಯಾವ ವಾದವನ್ನೂ ಒಪ್ಪಲು ಆಗುವುದಿಲ್ಲ. ಆದರೆ ಒಬ್ಬೊಬ್ಬರ ಮಾತಿನಲ್ಲೂ ಒಂದೊಂದು ಎಳೆ ಇರುತ್ತದೆ. ಅಲ್ತಾಯಿರ್ ಅದನ್ನು ಸೇರಿಸುತ್ತಾ ಹೋಗುತ್ತಾನೆ. ಒಂಬತ್ತನೆಯವನು ರಾಬರ್ಟ್ ದ ಸಾಬ್ಲೆ, ಟೆಂಪ್ಲರ್ ಯೋಧರ ಮುಖ್ಯಸ್ಥ. ಅವನು ಸಾಯುವ ಹೊತ್ತಿಗೆ ಸತ್ಯ ಹೊರಬರುತ್ತದೆ: ಈ ಒಂಬತ್ತು ಜನರ ಜೊತೆ ಸೇರಿದ್ದ ಹತ್ತನೆಯವನು, ಪಟ್ಟಿ ಬರೆದುಕೊಟ್ಟ ಗುರುವೇ. ಕೊಂದವನು ಸಾಯುವವನ ಮಾತಿಗೆ ಕಿವಿ ಕೊಡದೇ ಇದ್ದಿದ್ದರೆ ಈ ಸತ್ಯ ಗೊತ್ತಾಗುತ್ತಲೇ ಇರಲಿಲ್ಲ.

2009ರಲ್ಲಿ ಬಂದ ಎರಡನೆಯ ಆಟದಲ್ಲಿ ಕಥೆ ಇಟಲಿಗೆ ಹೋಗುತ್ತದೆ. ಫ್ಲಾರೆನ್ಸಿನ ಹುಡುಗ ಎಜಿಯೊನ ಅಪ್ಪ ಮತ್ತು ಇಬ್ಬರು ಸಹೋದರರನ್ನು ಸುಳ್ಳು ಆರೋಪ ಹೊರಿಸಿ ನೇಣಿಗೆ ಹಾಕಿದ್ದಾರೆ. ಎಜಿಯೊಗೆ ಸೇಡು ಬೇಕು. ಸಾನ್ ಜಿಮಿನ್ಯಾನೊ ಊರಿನಲ್ಲಿ ಅವನು ಪಾಟ್ಸಿ ಮನೆತನದ ವಿಯೇರಿ ಎಂಬ ಯುವಕನನ್ನು ಕೊಲ್ಲುತ್ತಾನೆ. ವಿಯೇರಿ ಬದುಕಿದ್ದಾಗ ಎಜಿಯೊನ ತಂಗಿಯನ್ನು ಪೀಡಿಸಿದವನು, ಅಹಂಕಾರಿ, ಅವನ ಬಗ್ಗೆ ಯಾರಿಗೂ ಕನಿಕರ ಹುಟ್ಟುವುದಿಲ್ಲ. ಸತ್ತ ಮೇಲೂ ಎಜಿಯೊನ ಸಿಟ್ಟು ಇಳಿಯುವುದಿಲ್ಲ. ಶವವನ್ನು ಹಿಡಿದು ಅಲುಗಾಡಿಸಿ ಬೈಯುತ್ತಾನೆ. ಆಗ ಅಲ್ಲಿಗೆ ಬಂದ ದೊಡ್ಡಪ್ಪ ಮಾರಿಯೊ ಅವನನ್ನು ತಡೆಯುತ್ತಾನೆ. ಸತ್ತವನಿಗೆ ಮರ್ಯಾದೆ ಕೊಡು ಎಂದು ಗದರುತ್ತಾನೆ. ತಾನೇ ಮುಂದೆ ಬಂದು ಶವಕ್ಕೆ ಶಾಂತಿ ಕೋರುವ ಲ್ಯಾಟಿನ್ ಮಾತು ಹೇಳುತ್ತಾನೆ. ಅಂದಿನಿಂದ ಎಜಿಯೊ ತಾನು ಕೊಂದ ದೊಡ್ಡ ಶತ್ರುಗಳಿಗೆ ಅದೇ ಮಾತು ಹೇಳುವುದನ್ನು ರೂಢಿ ಮಾಡಿಕೊಳ್ಳುತ್ತಾನೆ.

ಪಾಟ್ಸಿ ಮನೆತನ ನಿಜವಾದದ್ದು. ಹಾಗಾದರೆ ನಿಜವಾದ ಫ್ಲಾರೆನ್ಸಿನಲ್ಲಿ ಸತ್ತ ಪಾಟ್ಸಿಗಳಿಗೆ ಇಂಥ ಮರ್ಯಾದೆ ಸಿಕ್ಕಿತೇ? ಇಲ್ಲ. 1478ರ ಏಪ್ರಿಲ್ 26ರಂದು ಅವರು ಮತ್ತು ಅವರ ಕಡೆಯವರು ಚರ್ಚಿನಲ್ಲಿ ಪ್ರಾರ್ಥನೆ ನಡೆಯುತ್ತಿರುವಾಗಲೇ ಮೆಡಿಚಿ ಮನೆತನದ ಜೂಲಿಯಾನೊನನ್ನು ಇರಿದು ಕೊಂದರು. ಅವನ ಅಣ್ಣ ಲೊರೆಂಜೊ ತಪ್ಪಿಸಿಕೊಂಡ. ಊರು ತಿರುಗಿಬಿತ್ತು. ಫ್ರಾಂಚೆಸ್ಕೊ ಪಾಟ್ಸಿಯನ್ನು ಅರಮನೆಯ ಕಿಟಕಿಯಿಂದ ನೇಣು ಹಾಕಿದರು. ಮನೆತನದ ಹಿರಿಯ ಯಾಕೊಪೊನನ್ನೂ ಹಿಡಿದು ತಂದು ನೇಣಿಗೇರಿಸಿದರು. ಮೊದಲು ಚರ್ಚಿನಲ್ಲಿ ಹೂತಿದ್ದ ಅವನ ಶವವನ್ನು ಆಮೇಲೆ ಹೊರತೆಗೆದರು. ಊರಿನ ಹುಡುಗರು ಅದಕ್ಕೆ ಹಗ್ಗ ಕಟ್ಟಿ ಬೀದಿಬೀದಿ ಎಳೆದರು. ಕೊನೆಗೆ ಆರ್ನೊ ನದಿಗೆ ಎಸೆದರು. ಇನ್ನೊಬ್ಬ ಕೊಲೆಗಾರ ಬೆರ್ನಾರ್ಡೊ ಕಾನ್‌ಸ್ಟಾಂಟಿನೋಪಲ್‌ಗೆ ಓಡಿಹೋಗಿದ್ದ. ಸುಲ್ತಾನ್ ಮೆಹಮದ್ ಅವನನ್ನು ಹಿಡಿದು ವಾಪಸು ಕೊಟ್ಟ. 1479ರ ಡಿಸೆಂಬರಿನಲ್ಲಿ ಅವನನ್ನು ನೇಣು ಹಾಕಿದಾಗ ಲಿಯೊನಾರ್ಡೊ ಡ ವಿಂಚಿ ಆ ತೂಗುವ ಶವದ ಚಿತ್ರ ಬರೆದ. ಪಕ್ಕದಲ್ಲಿ ಅವನ ಬಟ್ಟೆಗಳ ಬಣ್ಣವನ್ನೂ ಗುರುತು ಹಾಕಿಕೊಂಡ. ಆ ಚಿತ್ರ ಈಗಲೂ ಉಳಿದಿದೆ.

ಆಟದಲ್ಲಿ ಯಾಕೊಪೊನ ಸಾವು ಬೇರೆ ಥರ. ಅವನ ಕಡೆಯವರೇ ಅವನನ್ನು ಇರಿದು ಬಿಟ್ಟುಹೋಗುತ್ತಾರೆ. ನರಳುತ್ತಿರುವ ಮುದುಕನ ನೋವನ್ನು ಎಜಿಯೊ ಮುಗಿಸುತ್ತಾನೆ. ಚರಿತ್ರೆ ಅವನಿಗೆ ಕೊಡದ ಗೌರವವನ್ನು ಆಟ ಕೊಟ್ಟಿದೆ. ಯಾಕೊಪೊನ ಶವ ಎಳೆದವರು ನಮ್ಮ ವಯಸ್ಸಿನವರು, ನಮಗಿಂತ ಚಿಕ್ಕವರು ಎಂದು ಓದಿದಾಗ ನನಗೆ ಮಾರಿಯೊ ದೊಡ್ಡಪ್ಪನ ಗದರಿಕೆ ಯಾಕೆ ಬೇಕು ಎಂದು ಅರ್ಥವಾಯಿತು. ಗದರಲು ಒಬ್ಬ ಹಿರಿಯ ಇಲ್ಲದಿದ್ದರೆ ಹುಡುಗರ ಕೈಗೆ ಹಗ್ಗ ಬರುತ್ತದೆ.

2012ರ ಮೂರನೆಯ ಆಟದಲ್ಲಿ ಮಾತೇ ಇಲ್ಲದ ಒಂದು ದೃಶ್ಯವಿದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲ. ನಾಯಕ ಕಾನರ್ ಬಹಳ ದಿನ ಬೆನ್ನಟ್ಟಿದ ಚಾರ್ಲ್ಸ್ ಲೀ ಗಾಯಗೊಂಡು ಒಂದು ಪಾನಗೃಹದಲ್ಲಿ ಕೂತಿದ್ದಾನೆ. ಕಾನರ್ ಎದುರು ಬಂದು ಕೂರುತ್ತಾನೆ. ಅವನಿಗೂ ಗಾಯವಾಗಿದೆ. ಒಂದೇ ಬಾಟಲಿಯಿಂದ ಇಬ್ಬರೂ ಕುಡಿಯುತ್ತಾರೆ. ಆಮೇಲೆ ಚಾಕು. ನಿಜವಾದ ಚಾರ್ಲ್ಸ್ ಲೀ ಸತ್ತದ್ದು 1782ರಲ್ಲಿ ಫಿಲಡೆಲ್ಫಿಯಾದಲ್ಲಿ, ಜ್ವರದಿಂದ. ಆಟದವರು ವರ್ಷವನ್ನು ಹಾಗೇ ಇಟ್ಟುಕೊಂಡು ಸಾವನ್ನು ಬದಲಾಯಿಸಿದ್ದಾರೆ.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಮಾರಿಯೊ ದೊಡ್ಡಪ್ಪನಂಥ ಒಬ್ಬರನ್ನು ನಾನು ಮನೆಯಲ್ಲೇ ನೋಡಿದ್ದೇನೆ. ನಮ್ಮ ಅಬ್ಬಾ ಮೊದಲು ಒಬ್ಬರ ಜೊತೆ ಪಾಲುದಾರಿಕೆಯಲ್ಲಿ ಗುಜರಿ ವ್ಯಾಪಾರ ಮಾಡುತ್ತಿದ್ದರು. ಅವರ ಹೆಸರು ಇಲ್ಲಿ ಬೇಡ. ಅವರು ಅಂಗಡಿಯ ಹಣ ತೆಗೆದುಕೊಂಡು ಬೇರೆಯಾದರು. ಸಾಲಗಾರರು ಬಂದು ನಿಂತದ್ದು ನಮ್ಮ ಮನೆ ಬಾಗಿಲಿಗೆ. ಅಮ್ಮಿಯ ಬಳೆಗಳು ಆಗ ಹೋದವು, ಮತ್ತೆ ಬರಲಿಲ್ಲ. ಕಳೆದ ವರ್ಷ ಆ ಮನುಷ್ಯ ತೀರಿಕೊಂಡರು. ಸುದ್ದಿ ಬಂದಾಗ ಅಬ್ಬಾ ಇನ್ನಾಲಿಲ್ಲಾಹ್ ಹೇಳಿ ವುಜೂ ಮಾಡಲು ಎದ್ದರು. "ಅವರ ಜನಾಜಾಕ್ಕೆ ನೀವು ಯಾಕೆ ಹೋಗಬೇಕು ಅಬ್ಬಾ?" ಎಂದು ಕೇಳಿದೆ. "ಅವನ ಲೆಕ್ಕ ಈಗ ನನ್ನ ಹತ್ರ ಇಲ್ಲ ಬೇಟಾ. ಟೋಪಿ ಹಾಕ್ಕೋ, ನೀನೂ ಬಾ" ಎಂದರು.

ನಮಾಜಿಗೆ ಮೊದಲು ಅವರ ಮಗ ಎದ್ದು ನಿಂತು, ನಮ್ಮಲ್ಲಿ ವಾಡಿಕೆ ಇರುವ ಹಾಗೆ, ನಮ್ಮ ಅಬ್ಬಾ ಯಾರಿಗಾದರೂ ಬಾಕಿ ಕೊಡುವುದಿದ್ದರೆ ನನಗೆ ತಿಳಿಸಿ, ಇಲ್ಲವೇ ಮಾಫ್ ಮಾಡಿ ಎಂದು ಕೇಳಿದ. ಅವನಿಗೂ ನನ್ನಷ್ಟೇ ವಯಸ್ಸು. ಧ್ವನಿ ನಡುಗುತ್ತಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಅಬ್ಬಾ ತಮಗೆ ಮಾತ್ರ ಕೇಳುವಷ್ಟು ಮೆಲ್ಲಗೆ "ಮಾಫ್ ಕಿಯಾ" ಎಂದರು. ಖಬರಸ್ತಾನದಲ್ಲಿ ಮೂರು ಹಿಡಿ ಮಣ್ಣು ಹಾಕಿದರು. ದಾರಿಯಲ್ಲಿ ಆ ವಿಷಯ ಎತ್ತಲಿಲ್ಲ. ನನ್ನ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ಅಮ್ಮಿಯ ಬರಿಗೈ ಕಂಡಾಗ ಅದು ಮತ್ತೆ ಬರುತ್ತದೆ.

ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಇದಕ್ಕೊಂದು ಜಾಗ ಇದೆ. ವಸೂಲಾಗದ ಸಾಲವನ್ನು ಬ್ಯಾಡ್ ಡೆಟ್ಸ್ ಎಂದು ತೆಗೆದುಹಾಕುತ್ತೇವೆ. ಸಾಲಗಾರನ ಖಾತೆ ಮುಚ್ಚುತ್ತದೆ. ಆದರೆ ಆ ಮೊತ್ತ ಎಲ್ಲಿಗೂ ಮಾಯವಾಗುವುದಿಲ್ಲ. ಲಾಭ ನಷ್ಟದ ಖಾತೆಯ ಡೆಬಿಟ್ ಬದಿಯಲ್ಲಿ ನಷ್ಟ ಎಂದು ಬರೆಯಲೇಬೇಕು. ಮಾಫ್ ಮಾಡುವುದು ಎಂದರೆ ನಷ್ಟ ಆಗಲೇ ಇಲ್ಲ ಎಂದು ಹೇಳುವುದಲ್ಲ. ಖಳನಾಯಕನಿಗೆ ಕೊನೆಯ ಮಾತು ಕೊಟ್ಟರೆ ಅವನನ್ನು ಒಳ್ಳೆಯವನು ಮಾಡಿದ ಹಾಗಾಗುತ್ತದೆ ಎಂದು ಒಬ್ಬ ಗೆಳೆಯ ನನ್ನ ಜೊತೆ ವಾದ ಮಾಡಿದ. ಅವನಿಗೂ ನನ್ನ ಉತ್ತರ ಇದೇ. ಎಜಿಯೊ ಶಾಂತಿ ಕೋರಿದ ಮಾತ್ರಕ್ಕೆ ಅವನ ಅಪ್ಪ ಎದ್ದು ಬರುವುದಿಲ್ಲ, ವಿಯೇರಿಯ ತಪ್ಪೂ ಅಳಿಸುವುದಿಲ್ಲ.

ಈ ಮಾತು ನಮಗೆ ಹೊಸದೂ ಅಲ್ಲ. ಒಬ್ಬ ಯಹೂದಿಯ ಶವಯಾತ್ರೆ ಹೋಗುವಾಗ ಪ್ರವಾದಿಯವರು ಎದ್ದು ನಿಂತದ್ದು, ಅದು ಯಹೂದಿಯದು ಎಂದು ಹೇಳಿದವರಿಗೆ ಅವರದೂ ಒಂದು ಜೀವವಲ್ಲವೇ ಎಂದು ಕೇಳಿದ್ದು ಬುಖಾರಿ ಹದೀಸಿನಲ್ಲಿದೆ. ಪ್ರಥಮ ಪಿಯುಸಿಯಲ್ಲಿ ನಾವು ಓದಿದ ರನ್ನನ ದುರ್ಯೋಧನ ವಿಲಾಪವನ್ನು ನೆನಪು ಮಾಡಿಕೊಳ್ಳಿ. ಎಲ್ಲರೂ ಖಳನಾಯಕ ಎನ್ನುವ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆದು ಬರುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಶವದ ಎದುರು ನಿಂತು ಕೈಮುಗಿಯುತ್ತಾನೆ. ಅವನ ಸಾಹಸದಲ್ಲಿ ಒಂದು ಪಾಲಾದರೂ ಇರುವ ಸಾವು ನನಗೆ ಬರಲಿ ಎನ್ನುತ್ತಾನೆ. ಆ ಪಾಠ ಮಾಡಿದ ದಿನ ಕ್ಲಾಸ್ ನಿಶ್ಶಬ್ದವಾಗಿತ್ತು.

ಆಟದ ಬಗ್ಗೆ ನನಗೆ ಒಂದು ತಕರಾರು ಮಾತ್ರ ಉಳಿದಿದೆ. ಮರ್ಯಾದೆ ಸಿಗುವುದು ದೊಡ್ಡವರಿಗೆ ಮಾತ್ರ. ಗಾರ್ನಿಯೆಗೆ ಮಂಜಿನ ಕೋಣೆ ಇದೆ. ಅವನ ಬಾಗಿಲು ಕಾಯುತ್ತಿದ್ದ ಸಂಬಳದ ಸಿಪಾಯಿಗೆ ಇಲ್ಲ. ಅವನಿಗೂ ಮನೆಯಲ್ಲಿ ಒಬ್ಬ ಮಗ ಇದ್ದಿರಬಹುದು, ಬಾಕಿ ಎಷ್ಟು ಎಂದು ಕೇಳಲು ಎದ್ದು ನಿಲ್ಲುವವನು. ನೂರಾರು ಜನರಿಗೆ ಕೊನೆಯ ಮಾತು ಕೊಟ್ಟರೆ ಆಟ ಮುಂದೆ ಸಾಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ಈಚೆಗೆ ಆಡುವಾಗ, ಕಾವಲುಗಾರನ ಹಿಂದೆ ಹೋಗಿ ಬಟನ್ ಒತ್ತುವ ಬದಲು ಮಾಳಿಗೆಯ ಮೇಲಿನಿಂದ ಸುತ್ತು ಹಾಕಿ ಹೋಗುವ ದಾರಿ ಇದೆಯೇ ಎಂದು ಮೊದಲು ನೋಡುತ್ತೇನೆ. ಬಹಳ ಸಲ ಇರುತ್ತದೆ. ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೆ.