ಸಂಶಯವೆಂಬ ಸೋಂಕು

ನಮ್ಮ ಮನೆಗಳಲ್ಲಿ ಬಸುರಿಯ ವಾಕರಿಕೆ, ಬಯಕೆ, ಕಾಲುಬಾವುಗಳ ವಿಚಾರ ನಡುಮನೆಯಲ್ಲೇ ನಡೆಯುತ್ತದೆ. ಗುಪ್ತಾಂಗದ ಬಳಿ ತೋರಿದ ನರೂಲಿಯ ಮಾತು ಮಾತ್ರ ಹೆತ್ತತಾಯಿಯ ಕಿವಿಗೂ ಬೀಳುವುದಿಲ್ಲ. ನನ್ನ ತಂಗಿಯ ಮಗಳಿಗೆ ಚೊಚ್ಚಲ ಬಸಿರಿನ ಐದನೆಯ ತಿಂಗಳಲ್ಲಿ ಹೀಗಾಯಿತು. ಮೂರು ವಾರ ಒಳಗೊಳಗೇ ಬೆಂದು, ಕೊನೆಗೆ ನನ್ನೊಡನೆ ವೈದ್ಯೆಯ ಬಳಿಗೆ ಬಂದಳು.

"ಇದು ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುವುದು" ಎಂದರು ವೈದ್ಯೆ. ಹುಡುಗಿ ಮಗುವಿನ ಕ್ಷೇಮವನ್ನು ಕೇಳುವ ಮೊದಲೇ, "ಯಾರಿಂದ ಬಂತು, ಡಾಕ್ಟರೇ?" ಎಂದಳು. ಒಂದು ಸಂಸಾರದ ನೆಮ್ಮದಿಯೇ ಆ ಪ್ರಶ್ನೆಯಲ್ಲಿ ತೂಗಾಡುತ್ತಿತ್ತು.

ವೈದ್ಯೆ ಅವಳ ಗಂಡನನ್ನೂ ಒಳಗೆ ಕರೆಸಿ ಇಬ್ಬರಿಗೂ ತಿಳಿಯಹೇಳಿದರು. ಇದು ದೇಹಸಂಪರ್ಕದಿಂದ ಹರಡುವುದು ನಿಜ. ಆದರೆ ಯಾವ ಕುರುಹನ್ನೂ ತೋರದೆ ವರ್ಷಗಟ್ಟಲೆ ಮೈಯಲ್ಲಿ ಅಡಗಿರಬಲ್ಲದು. ಬಹುಪಾಲು ಸ್ತ್ರೀಪುರುಷರಿಗೆ ಬಾಳಿನಲ್ಲಿ ಒಮ್ಮೆಯಾದರೂ ತಗಲುವ ಸೋಂಕಿದು. ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ದೇಹವೇ ಇದನ್ನು ಅಡಗಿಸುತ್ತದೆ. ಯಾರಿಂದ, ಎಂದು ಬಂತೆಂಬುದನ್ನು ಯಾವ ಪರೀಕ್ಷೆಯೂ ಹೇಳಲಾರದು.

ಈ ವೈರಸ್ಸಿನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಇಂತಹ ನರೂಲಿಗೆ ಹೆಚ್ಚಾಗಿ 6 ಮತ್ತು 11ನೆಯವು ಕಾರಣ. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯವಾಗಿ 16 ಮತ್ತು 18. ಈ ಕ್ಯಾನ್ಸರಿನ ಮೂಲವನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಬಸಿರಿನಲ್ಲಿ ನರೂಲಿಗಳು ಬೇಗ ಬೆಳೆಯುವುದುಂಟು. ಹೆರಿಗೆಯ ನಂತರ ತಾವಾಗಿಯೇ ಕುಗ್ಗುವುದೂ ಉಂಟು. ತೊಂದರೆ ಕೊಡದಿದ್ದರೆ ಹಾಗೆಯೇ ಬಿಡಬಹುದು. ಕೊಟ್ಟರೆ ಶೀತಲೀಕರಿಸಿ ತೆಗೆಯಬಹುದು. ಆದರೆ ಪೊಡೊಫಿಲಿನ್‌ನಂತಹ ಲೇಪ ಬಸುರಿಗೆ ಸಲ್ಲದು; ಆದ್ದರಿಂದ ಅಂಗಡಿಯ ಮದ್ದನ್ನು ತಂದು ಹಚ್ಚಬಾರದು. ಪ್ಯಾಪ್ ಪರೀಕ್ಷೆಯಲ್ಲಿ ವ್ಯತ್ಯಾಸ ಕಂಡರೆ ಗರ್ಭಕಂಠವನ್ನು ಭೂತಗನ್ನಡಿಯಂತಹ ಯಂತ್ರದಿಂದ ನೋಡುತ್ತಾರೆ. ಕ್ಯಾನ್ಸರಿನ ಶಂಕೆಯಿಲ್ಲದಿದ್ದರೆ ಚಿಕಿತ್ಸೆ ಸಾಮಾನ್ಯವಾಗಿ ಹೆರಿಗೆಯ ಅನಂತರವೇ.

ಸೋಂಕೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ನರೂಲಿ ಮಗುವಿನ ದಾರಿಗೆ ಅಡ್ಡವಾದರೆ, ಅಥವಾ ಹೆಚ್ಚು ರಕ್ತ ಹೋಗುವಂತಿದ್ದರೆ ಮಾತ್ರ ಅದರ ಯೋಚನೆ. ಕೂಸಿನ ಗಂಟಲಲ್ಲಿ ನರೂಲಿ ಏಳುವುದು ಬಹು ವಿರಳ. ಎದೆಹಾಲು ಕುಡಿಸಲು ಅಡ್ಡಿಯಿಲ್ಲ. ಲಸಿಕೆಯನ್ನು ಮಾತ್ರ ಬಸಿರಿನಲ್ಲಿ ಕೊಡುವುದಿಲ್ಲ.

ಹೀಗೆ ಕಾಯುವುದೇ ಇಲ್ಲಿ ಬಹುಮಟ್ಟಿಗೆ ಚಿಕಿತ್ಸೆ. ಕಾಯುವ ದಿನಗಳಲ್ಲಿ ಬಸುರಿಗೆ ಬೇಕಾದುದು ಮನೆಯವರ ವಿಶ್ವಾಸ. ಆದರೆ ಕಾಯುವುದೆಂದರೆ ಮರೆಯುವುದಲ್ಲ. ಕೂಸಿನ ಸಂಭ್ರಮದಲ್ಲಿ ತಾಯಿಯ ಮರುಪರೀಕ್ಷೆ ಹಿಂದೆ ಬೀಳುವುದು ಸಹಜ. ಬಾಣಂತಿಯ ಅಂಟಿನುಂಡೆ, ಎಣ್ಣೆನೀರುಗಳ ನಡುವೆ ವೈದ್ಯರು ಹೇಳಿದ ಆ ಒಂದು ದಿನವನ್ನೂ ಪಂಚಾಂಗದಲ್ಲಿ ಗುರುತು ಹಾಕಿಡಬೇಕು.