ಸಾಕ್ಷಿ ಹೇಳುವವರು ಯಾರು?

ಕ್ಯಾಸಲ್‌ರಾಕ್‌ನ ಮಳೆ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಅಂಥದೊಂದು ಮಳೆಯಲ್ಲಿ ದಾಂಡೇಲಿಯಿಂದ ತಂಗಿ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಫೈಲು. "ಅಕ್ಕಾ, ನೀ ಓದಿದಾಕಿ. ಯಾರಾದ್ರೂ ಡಾಕ್ಟರ ಹತ್ರ ಇದನ್ನ ಓದಿಸಿ ಬರೆಸಿಕೊಡು" ಅಂದಳು.

ಫೈಲು ಅವಳ ಮಗಳದು. ಮೈತೂಕ ಇಳಿಸಲೆಂದು ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಸ್ಟೇಪಲ್ ಹಾಕಿ ಮುಚ್ಚುವ ಶಸ್ತ್ರಚಿಕಿತ್ಸೆ. "ಇಷ್ಟು ದಪ್ಪಗಿದ್ದರೆ ಗಂಡು ಸಿಗುವುದು ಹೇಗೆ?" ಎಂದು ನಾವೆಲ್ಲ ಅಂದದ್ದೇ ಅವಳನ್ನು ದೊಡ್ಡ ಊರಿನ ಖಾಸಗಿ ಆಸ್ಪತ್ರೆಗೆ ಕಳಿಸಿತ್ತು. ಸ್ಟೇಪಲ್ ಹಾಕಿದಲ್ಲಿ ಸೋರಿತು. ಮತ್ತೆರಡು ಸಲ ಹೊಟ್ಟೆ ಕೊಯ್ಯಿಸಿಕೊಂಡು, ಎರಡು ತಿಂಗಳು ಹಾಸಿಗೆ ಹಿಡಿದು, ಹುಡುಗಿ ಬದುಕಿದಳು. ತಂಗಿಯ ಬಂಗಾರ ಅಡವಿನಲ್ಲೇ ಉಳಿಯಿತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಆಸ್ಪತ್ರೆ ಯಾವ ಊರಲ್ಲೇ ಇರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ನಮಗೆ ಕಾರವಾರ. ಎಲ್ಲ ಪ್ರಕರಣಕ್ಕೂ ತಜ್ಞರ ಸಾಕ್ಷ್ಯ ಬೇಕೇ ಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಹೊಟ್ಟೆಯೊಳಗೆ ಕತ್ತರಿ ಉಳಿದರೆ ತಜ್ಞರೇಕೆ ಬೇಕು? ಆದರೆ ಇಂಥ ತೊಡಕಿನ ವಿಷಯ, ಅದೇ ಶಸ್ತ್ರಚಿಕಿತ್ಸೆ ಬಲ್ಲವರ ಮಾತಿಲ್ಲದೆ ನಿಲ್ಲುವುದು ಕಷ್ಟ ಎಂದರು ವಕೀಲರು.

ಹುಡುಕಲು ಹೊರಟೆ. ಮೊದಲನೆಯವರು ಆಸ್ಪತ್ರೆಯ ಹೆಸರು ನೋಡಿಯೇ ಫೈಲು ಮುಚ್ಚಿದರು. ಎರಡನೆಯವರು, "ನಾಳೆ ನಾನೂ ಆ ಕಟಕಟೆಯಲ್ಲಿ ನಿಲ್ಲಬೇಕಾದೀತು, ಮೇಡಂ" ಅಂದರು. ಮೂರನೆಯವರು ಬಾಯಲ್ಲಿ ಎಲ್ಲ ಹೇಳಿದರು, ಬರೆದುಕೊಡಲು ಒಪ್ಪಲಿಲ್ಲ.

ಸಿಟ್ಟು ಬಂತು. ಬಸ್ಸಿನಲ್ಲಿ ಬರುವಾಗ ಹಳೆಯದೊಂದು ನೆನಪಾಯಿತು. ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬರು ಹುಡುಗನ ಕಿವಿಗೆ ಬಿಗಿದಿದ್ದರು. ವಿಚಾರಣೆಗೆ ಕರೆದಾಗ ನಾನು "ನೋಡಲಿಲ್ಲ" ಎಂದಿದ್ದೆ. ನೋಡಿದ್ದೆ.

ನಾಲ್ಕನೆಯವರು ಧಾರವಾಡದ ಕಡೆಯ ನಿವೃತ್ತ ಪ್ರಾಧ್ಯಾಪಕರು, ಇದೇ ಶಸ್ತ್ರಚಿಕಿತ್ಸೆ ಮಾಡಿದವರು. ಮೊದಲು ಕೇಳಿದ್ದೇ ನರ್ಸುಗಳು ಬರೆದ ಚಾರ್ಟು. ನಮ್ಮಲ್ಲಿರಲಿಲ್ಲ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವಿದೆ ಎಂದು ಅವರೇ ತಿಳಿಸಿದರು. ಬರೆದು ಕೇಳಿದೆವು, ಸಿಕ್ಕಿತು.

ವಾರ ಬಿಟ್ಟು ಹೋದಾಗ ಹೇಳಿದರು: "ನೋಡ್ರಿ ಅಕ್ಕೋರ, ಸೋರೂದು ಒಳ್ಳೇ ಕೈಯೊಳಗೂ ಆಗ್ತದ. ಅದನ್ನ ತಪ್ಪು ಅಂತ ನಾ ಬರಿಯೂದಿಲ್ಲ. ಆದ್ರ ಮೂರನೇ ದಿನದಿಂದ ನಾಡಿ 130 ಅಂತ ನರ್ಸು ಬರದಾಳ. ದಪ್ಪ ಮೈಯವರಿಗೆ ಹೊಟ್ಟಿ ಮುಟ್ಟಿ ನೋಡಿದ್ರ ಗೊತ್ತಾಗೂದು ಕಷ್ಟ, ನಾಡಿನೇ ಕೂಗಿ ಹೇಳ್ತದ. ಎರಡು ದಿನ ಯಾರೂ ಸ್ಕ್ಯಾನ್ ಮಾಡಿಸಿಲ್ಲ. ಅಷ್ಟನ್ನ ಬರೀತೀನಿ."

ಎರಡೇ ಪುಟ ಬರೆದು, ಕೆಳಗೆ ಸಹಿ ಹಾಕಿ ಕೊಟ್ಟರು.

ಕಾರವಾರದಲ್ಲಿ ಪ್ರಕರಣ ಇನ್ನೂ ನಡೆದಿದೆ. ಹುಡುಗಿ ಈಗ ಅರ್ಧ ರೊಟ್ಟಿ ತಿನ್ನುತ್ತಾಳೆ. ನನಗೆ ಮಾತ್ರ ಆ ಹುಡುಗನ ಮುಖ ಆಗಾಗ ಕಣ್ಣ ಮುಂದೆ ಬರುತ್ತದೆ. ಅವನ ಪರವಾಗಿ ಎರಡು ಸಾಲು ಬರೆಯಲು ನನ್ನಿಂದ ಆಗಲಿಲ್ಲ.